ಪದ್ಯದಲ್ಲಿ ಅಲಂಕಾರ ಗುರುತಿಸುವುದು ಹೇಗೆ: ಅನ್ವಯದಿಂದ ಪ್ರಸ್ತಾರದವರೆಗೆ ಹೆಜ್ಜೆ ಹೆಜ್ಜೆಯಾಗಿ

ಅಲಂಕಾರದ ಪ್ರಶ್ನೆಗೆ ಹೆಚ್ಚಿನವರು ತಪ್ಪು ಬರೆಯುವುದು ಲಕ್ಷಣ ಗೊತ್ತಿಲ್ಲದೆ ಅಲ್ಲ. ‘ಎರಡು ವಸ್ತುಗಳಿಗಿರುವ ಹೋಲಿಕೆಯನ್ನು ವರ್ಣಿಸಿದರೆ ಉಪಮೆ’ ಎಂಬುದು ಹೈಸ್ಕೂಲು ಮುಗಿಸಿದವರಿಗೆಲ್ಲ ಬಾಯಿಪಾಠ. ತಪ್ಪುವುದು ಕ್ರಮದಲ್ಲಿ. ಪದ್ಯ ಕಂಡ ಕೂಡಲೇ ಹೆಸರು ಹುಡುಕಲು ಹೊರಡುತ್ತಾರೆ. ‘ಅಂತೆ’ ಸಿಕ್ಕಿದರೆ ಉಪಮೆ, ‘ಎಂಬ’ ಸಿಕ್ಕಿದರೆ ರೂಪಕ, ಗಾದೆ ಸಿಕ್ಕಿದರೆ ಅರ್ಥಾಂತರನ್ಯಾಸ ಎಂದು ಬರೆದು ಮುಗಿಸುತ್ತಾರೆ. ಹೆಸರು ಬರಬೇಕಾದದ್ದು ಕೊನೆಗೆ. ಕವಿ ಯಾವುದರ ಬಗ್ಗೆ ಹೇಳುತ್ತಿದ್ದಾನೆ, ಅದರ ಪಕ್ಕಕ್ಕೆ ಏನನ್ನು ತಂದಿಟ್ಟಿದ್ದಾನೆ, ಎರಡರ ನಡುವೆ ಎಷ್ಟು ಅಂತರ ಉಳಿಸಿದ್ದಾನೆ ಎಂಬ ಮೂರು ಸಂಗತಿ ಮೊದಲು ತಿಳಿಯಬೇಕು. ತಿಳಿದರೆ ಹೆಸರಿಗೆ ತಡಕಾಡಬೇಕಾಗಿಲ್ಲ.

ಅಲಂಕಾರಗಳ ಸಂಖ್ಯೆ ಕಂಡು ಗಾಬರಿಯಾಗುವುದೂ ಬೇಡ. ಭರತನ ನಾಟ್ಯಶಾಸ್ತ್ರ ಹೇಳುವುದು ನಾಲ್ಕೇ: ಉಪಮೆ, ರೂಪಕ, ದೀಪಕ, ಯಮಕ. 16ನೇ ಶತಮಾನದ ಅಪ್ಪಯ್ಯ ದೀಕ್ಷಿತರ ಕುವಲಯಾನಂದದ ಹೊತ್ತಿಗೆ ಅದು ನೂರನ್ನು ದಾಟಿತು. ಕನ್ನಡದಲ್ಲಿ ಈ ಶಾಸ್ತ್ರ 9ನೇ ಶತಮಾನದ ಕವಿರಾಜಮಾರ್ಗದಿಂದ ಶುರುವಾಗುತ್ತದೆ. ದಂಡಿಯ ಕಾವ್ಯಾದರ್ಶವನ್ನು ಆಧಾರವಾಗಿಟ್ಟುಕೊಂಡ ಆ ಗ್ರಂಥದಲ್ಲಿ ಮೂರು ಪರಿಚ್ಛೇದಗಳಿವೆ: ಮೊದಲನೆಯದರಲ್ಲಿ ಕಾವ್ಯದೋಷಗಳ ವಿಚಾರ, ಎರಡನೆಯದರಲ್ಲಿ ಶಬ್ದಾಲಂಕಾರ, ಮೂರನೆಯದರಲ್ಲಿ ಅರ್ಥಾಲಂಕಾರ. ಇಂದು ಓದುವವರಿಗೆ ಹತ್ತು ಹನ್ನೆರಡು ಅಲಂಕಾರ ಚೆನ್ನಾಗಿ ಗೊತ್ತಿದ್ದರೆ ಸಾಕು. ಅವುಗಳಲ್ಲೂ ಮುಕ್ಕಾಲು ಪಾಲು ಉಪಮೆಯ ಬೇರೆ ಬೇರೆ ವೇಷಗಳು.

ಒಂದು ಬಿಳಿಹಾಳೆ, ಪೆನ್ಸಿಲು, ಕೈಗೆಟಕುವಲ್ಲಿ ಒಂದು ನಿಘಂಟು ಇಟ್ಟುಕೊಳ್ಳಿ. ಉದಾಹರಣೆಗೆ ಕುಮಾರವ್ಯಾಸನ ಒಂದು ಅರ್ಧ ಪದ್ಯ ತೆಗೆದುಕೊಳ್ಳೋಣ. ಗದುಗಿನ ಭಾರತದ ಸಭಾಪರ್ವದಲ್ಲಿ ನಾರದ ಧರ್ಮರಾಯನ ಆಡಳಿತವನ್ನು ವಿಚಾರಿಸುವಾಗ ಬರುವ ಪದ್ಯವಿದು:

ಅರಸು ರಾಕ್ಷಸ ಮಂತ್ರಿಯೆಂಬುವ
ಮೊರೆವ ಹುಲಿ ಪರಿವಾರ ಹದ್ದಿನ
ನೆರವಿ ಬಡವರ ಬಿನ್ನಪವನಿನ್ನಾರು ಕೇಳುವರು

ಹೆಜ್ಜೆ 1: ಪದ ಬಿಡಿಸಿ, ಅನ್ವಯ ಮಾಡಿ

ಸಂಧಿ ಬಿಡಿಸದೆ ಅಲಂಕಾರಕ್ಕೆ ಕೈ ಹಾಕಬಾರದು. ‘ಬಿನ್ನಪವನಿನ್ನಾರು’ ಎಂದರೆ ಬಿನ್ನಪವನ್ + ಇನ್ನು + ಆರು, ಅಂದರೆ ಬಿನ್ನಪವನ್ನು ಇನ್ನು ಯಾರು. ‘ನೆರವಿ’ ಎಂದರೆ ಗುಂಪು. ‘ಮೊರೆವ’ ಎಂದರೆ ಗರ್ಜಿಸುವ.

ಈ ಪದ್ಯ ಷಟ್ಪದಿ, ಅಂದರೆ ಆರು ಸಾಲಿನದು. ಷಟ್ಪದಿಯಲ್ಲಿ ಸಾಲು ಮುಗಿದಲ್ಲಿ ವಾಕ್ಯ ಮುಗಿಯುವುದಿಲ್ಲ. ಇದನ್ನು ಮರೆತು ಸಾಲು ಸಾಲಾಗಿ ಅರ್ಥ ಮಾಡಲು ಹೋದವರು ‘ಹುಲಿ ಪರಿವಾರ’ವನ್ನು ಹುಲಿಗಳ ಪರಿವಾರ ಎಂದೂ ‘ನೆರವಿ ಬಡವರ’ ಎಂಬುದನ್ನು ಗುಂಪುಗೂಡಿದ ಬಡವರು ಎಂದೂ ಓದಿಬಿಡುತ್ತಾರೆ. ಆಮೇಲೆ ಏನು ಮಾಡಿದರೂ ಅಲಂಕಾರ ಸರಿಹೋಗುವುದಿಲ್ಲ. ಸಾಲು ಮರೆತು, ಕರ್ತೃ ಕರ್ಮ ಕ್ರಿಯಾಪದ ಜೋಡಿಸಿ ಗದ್ಯದಲ್ಲಿ ಬರೆದುಕೊಳ್ಳಿ, ಇದೇ ಅನ್ವಯ: ‘ಅರಸು ರಾಕ್ಷಸ. ಮಂತ್ರಿ ಎಂಬುವವನು ಗರ್ಜಿಸುವ ಹುಲಿ. ಪರಿವಾರ ಹದ್ದುಗಳ ಗುಂಪು. ಬಡವರ ಬಿನ್ನಪವನ್ನು ಇನ್ನು ಯಾರು ಕೇಳುತ್ತಾರೆ?’ ನಾಲ್ಕು ವಾಕ್ಯ. ಮೂರರಲ್ಲಿ ಕ್ರಿಯಾಪದವೇ ಇಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹೆಜ್ಜೆ 2: ಉಪಮೇಯ ಯಾವುದು, ಉಪಮಾನ ಯಾವುದು

ಯಾವುದನ್ನು ವರ್ಣಿಸಲಾಗುತ್ತಿದೆಯೋ ಅದು ಉಪಮೇಯ. ವರ್ಣನೆಗೆಂದು ಹೊರಗಿನಿಂದ ತಂದದ್ದು ಉಪಮಾನ. ಇವೆರಡನ್ನು ಅದಲುಬದಲು ಮಾಡುವುದು ಬಹಳ ಸಾಮಾನ್ಯವಾದ ತಪ್ಪು. ವಾಕ್ಯದಲ್ಲಿ ಮೊದಲು ಬಂದದ್ದೇ ಉಪಮೇಯ ಎಂಬ ನಂಬಿಕೆ ಇದಕ್ಕೆ ಕಾರಣ. ಪದ್ಯದಲ್ಲಿ ಪದಗಳು ಎಲ್ಲಿ ಬೇಕಾದರೂ ಬರಬಹುದು. ಪರೀಕ್ಷಿಸುವ ದಾರಿ ಸುಲಭ: ಅಲ್ಲಿನ ಕಥೆಯಲ್ಲಿ ನಿಜವಾಗಿ ಇರುವುದು ಯಾವುದು ಎಂದು ಕೇಳಿ. ಭಾರತದ ಕಥೆಯಲ್ಲಿ ಅರಸ, ಮಂತ್ರಿ, ಪರಿವಾರ ಇರುವವರು. ರಾಕ್ಷಸ, ಹುಲಿ, ಹದ್ದು ಈ ಪದ್ಯಕ್ಕಾಗಿ ಬಂದವು. ಪದ್ಯ ಮುಗಿದರೆ ಹುಲಿ ಹೋಗುತ್ತದೆ, ಮಂತ್ರಿ ಉಳಿಯುತ್ತಾನೆ.

ಹೋಲಿಕೆಯೆಲ್ಲ ಅಲಂಕಾರವಲ್ಲ ಎಂಬುದೂ ಇಲ್ಲೇ ತೀರ್ಮಾನವಾಗಬೇಕು. ‘ಕಾಡುಹಸು ಊರ ಹಸುವಿನಂತಿರುತ್ತದೆ’ ಎಂದರೆ ಅದು ಮಾಹಿತಿ. ‘ತಮ್ಮ ಅಣ್ಣನಷ್ಟೇ ಎತ್ತರ’ ಎಂದರೆ ಅಳತೆ. ಒಂದೇ ಜಾತಿಯ ಎರಡನ್ನು ಪಕ್ಕಪಕ್ಕ ನಿಲ್ಲಿಸಿದರೆ ಮನಸ್ಸಿಗೆ ಹೊಸದೇನೂ ಹೊಳೆಯುವುದಿಲ್ಲ. ಬೇರೆ ಜಾತಿಯ ಎರಡು ವಸ್ತುಗಳಲ್ಲಿ ಹೋಲಿಕೆ ಕಂಡು ಮನಸ್ಸು ಅರಳಿದರೆ ಮಾತ್ರ ಅಲಂಕಾರ. ಹಳೆಯ ಶಾಸ್ತ್ರಕಾರರು ಇದನ್ನು ಚಮತ್ಕಾರ ಎಂದು ಕರೆದರು.

ಹೆಜ್ಜೆ 3: ವಾಚಕ ಪದ ಹುಡುಕಿ, ಆದರೆ ‘ಅಂತೆ’ಯನ್ನು ನಂಬಬೇಡಿ

ಅಂತೆ, ಹಾಗೆ, ತೆರದಿ, ವೊಲ್, ವೋಲ್, ಸಮಾನ, ಸದೃಶ ಮುಂತಾದವು ಉಪಮಾವಾಚಕಗಳು, ಅಂದರೆ ಹೋಲಿಕೆಯನ್ನು ಸೂಚಿಸುವ ಪದಗಳು. ಹಳಗನ್ನಡದಲ್ಲಿ ವೊಲ್, ವೋಲ್ ಹೆಚ್ಚು, ನಡುಗನ್ನಡದಿಂದ ಈಚೆಗೆ ಅಂತೆ, ತೆರದಿ.

‘ಅಂತೆ’ಗೆ ಕನ್ನಡದಲ್ಲಿ ಕನಿಷ್ಠ ನಾಲ್ಕು ಕೆಲಸಗಳಿವೆ. ‘ಅವನು ನಾಳೆ ಬರುತ್ತಾನಂತೆ’ ಎಂಬಲ್ಲಿ ಅದು ಕೇಳಿದ ಸುದ್ದಿಯ ಗುರುತು. ‘ಗುರುಗಳು ಹೇಳಿದಂತೆ ಮಾಡಿದ’ ಎಂಬಲ್ಲಿ ಕ್ರಮದ ಗುರುತು. ‘ಸಿಂಹದಂತೆ ಗರ್ಜಿಸಿದ’ ಎಂಬಲ್ಲಿ ಉಪಮೆ. ‘ಭೂಮಿಯೇ ಬಾಯ್ತೆರೆಯಿತೋ ಎಂಬಂತೆ’ ಎಂಬಲ್ಲಿ ಉತ್ಪ್ರೇಕ್ಷೆ. ಮೊದಲ ಎರಡರಲ್ಲಿ ಉಪಮಾನವೇ ಇಲ್ಲ. ಆದ್ದರಿಂದ ಎರಡನೇ ಹೆಜ್ಜೆ ಮುಗಿಸದೆ ಮೂರನೆಯದಕ್ಕೆ ಬಂದವರು ಇಲ್ಲಿ ಎಡವುತ್ತಾರೆ.

ಹೆಜ್ಜೆ 4: ಸಮಾನಧರ್ಮ ಹೇಳಿದೆಯೇ, ಬಿಟ್ಟಿದೆಯೇ

ಎರಡರಲ್ಲೂ ಇರುವ, ಹೋಲಿಕೆಗೆ ಕಾರಣವಾದ ಗುಣವೇ ಸಮಾನಧರ್ಮ. ಉಪಮೇಯ, ಉಪಮಾನ, ವಾಚಕ ಪದ, ಸಮಾನಧರ್ಮ ನಾಲ್ಕೂ ಇದ್ದರೆ ಪೂರ್ಣೋಪಮೆ. ಇವುಗಳಲ್ಲಿ ಒಂದೋ ಹೆಚ್ಚೋ ಬಿಟ್ಟುಹೋಗಿದ್ದರೆ ಲುಪ್ತೋಪಮೆ. ಬಸವಣ್ಣನವರ ಈ ವಚನ ಎಲ್ಲರ ಬಾಯಲ್ಲೂ ಇದೆ:

ನುಡಿದರೆ ಮುತ್ತಿನ ಹಾರದಂತಿರಬೇಕು
ನುಡಿದರೆ ಮಾಣಿಕ್ಯದ ದೀಪ್ತಿಯಂತಿರಬೇಕು
ನುಡಿದರೆ ಸ್ಫಟಿಕದ ಶಲಾಕೆಯಂತಿರಬೇಕು
ನುಡಿದರೆ ಲಿಂಗ ಮೆಚ್ಚಿ ಅಹುದಹುದೆನಬೇಕು

ನುಡಿ ಉಪಮೇಯ. ಮುತ್ತಿನ ಹಾರ, ಮಾಣಿಕ್ಯದ ದೀಪ್ತಿ, ಸ್ಫಟಿಕದ ಶಲಾಕೆ ಉಪಮಾನಗಳು. ‘ಅಂತೆ’ ವಾಚಕ. ಯಾವ ಗುಣದಲ್ಲಿ ಹೋಲಿಕೆ ಎಂದು ಎಲ್ಲೂ ಹೇಳಿಲ್ಲ, ಹಾಗಾಗಿ ಲುಪ್ತೋಪಮೆ. ಒಂದೇ ಉಪಮೇಯಕ್ಕೆ ಸಾಲಾಗಿ ಹಲವು ಉಪಮಾನ ಬಂದಿರುವುದರಿಂದ ಮಾಲೋಪಮೆಯೂ ಹೌದು.

ಬಿಟ್ಟ ಸಮಾನಧರ್ಮವನ್ನು ಓದುವವರೇ ತುಂಬಿಕೊಳ್ಳಬೇಕು. ಎಲ್ಲಕ್ಕೂ ‘ಸುಂದರವಾಗಿರುವುದು’ ಎಂದು ಬರೆದರೆ ವಚನ ಅಲ್ಲಿಗೇ ಸಾಯುತ್ತದೆ. ಹಾರದಲ್ಲಿ ಮುತ್ತುಗಳು ಒಂದೇ ಎಳೆಯಲ್ಲಿ ಕ್ರಮವಾಗಿ ಪೋಣಿಸಿಕೊಂಡಿರುತ್ತವೆ: ಮಾತಿಗೆ ಜೋಡಣೆ ಬೇಕು. ಮಾಣಿಕ್ಯ ಬೆಳಕು ಬೀರುತ್ತದೆ: ಮಾತು ತಿಳಿವು ಕೊಡಬೇಕು. ಶಲಾಕೆ ಎಂದರೆ ಕಡ್ಡಿ, ಸ್ಫಟಿಕದ ಕಡ್ಡಿ ನೇರವಾಗಿಯೂ ಪಾರದರ್ಶಕವಾಗಿಯೂ ಇರುತ್ತದೆ: ಮಾತಿನಲ್ಲಿ ಸೊಟ್ಟ ಇರಬಾರದು, ಮುಚ್ಚುಮರೆಯೂ ಇರಬಾರದು. ನಾಲ್ಕನೇ ಸಾಲಿನಲ್ಲಿ ಉಪಮಾನವೇ ಇಲ್ಲ. ಲಿಂಗ ಮೆಚ್ಚುವ ಮಾತಿಗೆ ಹೋಲಿಕೆ ತರದೆ ಬಸವಣ್ಣ ನೇರವಾಗಿ ಹೇಳಿದ್ದಾರೆ. ಎಲ್ಲಿ ಅಲಂಕಾರ ನಿಂತಿತು ಎಂಬುದನ್ನು ಗಮನಿಸುವುದು ಎಲ್ಲಿ ಬಂತು ಎಂಬುದನ್ನು ಗಮನಿಸಿದಷ್ಟೇ ಮುಖ್ಯ.

ಹೆಜ್ಜೆ 5: ಎರಡರ ನಡುವಿನ ಅಂತರ ಅಳೆಯಿರಿ

ಅಪ್ಪಯ್ಯ ದೀಕ್ಷಿತರು ಚಿತ್ರಮೀಮಾಂಸೆಯಲ್ಲಿ ಒಂದು ಮಾತು ಹೇಳುತ್ತಾರೆ: ಉಪಮೆ ಎಂಬ ಒಬ್ಬಳೇ ನಟಿ ನಾನಾ ಪಾತ್ರ ತಾಳಿ ಕಾವ್ಯರಂಗದಲ್ಲಿ ನರ್ತಿಸಿ ಬಲ್ಲವರ ಮನಸ್ಸನ್ನು ರಂಜಿಸುತ್ತಾಳೆ. ಅದನ್ನು ಪರೀಕ್ಷಿಸಲು ಒಂದೇ ಜೋಡಿ ತೆಗೆದುಕೊಳ್ಳೋಣ. ಉಪಮೇಯ ಕೆರೆ, ಉಪಮಾನ ಕನ್ನಡಿ.

‘ಕೆರೆಯ ನೀರು ಕನ್ನಡಿಯಂತೆ ಹೊಳೆಯುತ್ತಿದೆ.’ ಎರಡೂ ಬೇರೆ ಬೇರೆಯಾಗಿಯೇ ಇವೆ, ನಡುವೆ ‘ಅಂತೆ’ ಇದೆ. ಪೂರ್ಣೋಪಮೆ.

‘ಕೆರೆಯೇ ಕನ್ನಡಿ. ಬೆಳಗಾದರೆ ಊರು ಅದರಲ್ಲಿ ಮುಖ ನೋಡಿಕೊಳ್ಳುತ್ತದೆ.’ ಭೇದ ಹೋಯಿತು. ರೂಪಕ.

‘ಆಕಾಶ ಮುಖ ನೋಡಿಕೊಳ್ಳಲೆಂದು ನೆಲದ ಮೇಲಿಟ್ಟ ಕನ್ನಡಿಯೋ ಎಂಬಂತೆ ಕೆರೆ ಇತ್ತು.’ ಹಾಗಿಲ್ಲ ಎಂದು ಗೊತ್ತಿದ್ದೂ ಇರಬಹುದೆಂದು ಊಹಿಸುತ್ತಿದ್ದೇವೆ. ಉತ್ಪ್ರೇಕ್ಷೆ.

‘ಇದು ಕೆರೆಯೋ, ಕನ್ನಡಿಯೋ?’ ಸಂದೇಹ. ‘ಕನ್ನಡಿಯೆಂದು ತಿಳಿದು ಹಕ್ಕಿ ಅಲ್ಲಿದ್ದ ತನ್ನ ಬಿಂಬವನ್ನು ಕುಕ್ಕಿತು.’ ಅನುಮಾನವೂ ಉಳಿದಿಲ್ಲ, ಪೂರ್ತಿ ತಪ್ಪು ತಿಳಿವಳಿಕೆ. ಭ್ರಾಂತಿಮಾನ್. ‘ಇದು ಕೆರೆಯಲ್ಲ, ಕನ್ನಡಿ.’ ಉಪಮೇಯವನ್ನು ಅಲ್ಲಗಳೆದದ್ದು ಅಪಹ್ನುತಿ. ‘ಒಡೆದ ಕನ್ನಡಿ ಕೂಡದು, ಕೆರೆ ಕಲ್ಲೇಟು ತಿಂದರೂ ಮತ್ತೆ ಕೂಡುತ್ತದೆ.’ ಉಪಮೇಯವನ್ನು ಮೇಲೆ ನಿಲ್ಲಿಸಿದ್ದು ವ್ಯತಿರೇಕ. ಊರ ಮುಂದಿನ ಕೆರೆಯ ಹೆಸರೆತ್ತದೆ ‘ಊರ ಮುಂದಿನ ಕನ್ನಡಿಯಲ್ಲಿ ಬೆಟ್ಟ ತಲೆಕೆಳಗಾಗಿ ನಿಂತಿದೆ’ ಎಂದರೆ ಉಪಮಾನ ಉಪಮೇಯವನ್ನು ನುಂಗಿಬಿಟ್ಟಿದೆ. ಅದು ರೂಪಕಾತಿಶಯೋಕ್ತಿ.

ಈ ಸಾಲನ್ನು ಒಮ್ಮೆ ನಿಮ್ಮದೇ ಜೋಡಿ ಇಟ್ಟುಕೊಂಡು ಬರೆಯಿರಿ. ಜೋಳದ ತೆನೆ ಮತ್ತು ಮುತ್ತು ಆಗಬಹುದು, ಮಿಂಚು ಮತ್ತು ಕತ್ತಿ ಆಗಬಹುದು. ಹತ್ತು ಲಕ್ಷಣ ಕಂಠಪಾಠ ಮಾಡುವುದಕ್ಕಿಂತ ಇದು ಹೆಚ್ಚು ಕಲಿಸುತ್ತದೆ.

ಉಪಮೆ ಮತ್ತು ಉತ್ಪ್ರೇಕ್ಷೆಗಳ ಗೊಂದಲ ಹೆಚ್ಚಾಗಿ ‘ಅಂತೆ’, ‘ಎಂಬಂತೆ’ಗಳಿಂದ ಹುಟ್ಟುತ್ತದೆ. ಉಪಮಾನ ಲೋಕದಲ್ಲಿ ನಿಜವಾಗಿ ಇರುವಂಥದ್ದೇ ಎಂದು ಕೇಳಿ. ಕನ್ನಡಿ ಇದೆ, ಆದ್ದರಿಂದ ‘ಕನ್ನಡಿಯಂತೆ’ ಉಪಮೆ. ಆಕಾಶ ಕನ್ನಡಿ ಇಟ್ಟದ್ದು ಎಲ್ಲೂ ನಡೆದಿಲ್ಲ, ಅದು ಕವಿಯ ಊಹೆ. ಜೊತೆಗೆ ಉತ್ಪ್ರೇಕ್ಷೆಯಲ್ಲಿ ಬಹುಮಟ್ಟಿಗೆ ‘ಯಾಕೆ’, ‘ಯಾವುದಕ್ಕಾಗಿ’ ಎಂಬ ಕಲ್ಪಿತ ಕಾರಣ ಇರುತ್ತದೆ. ಇಲ್ಲಿ ‘ಮುಖ ನೋಡಿಕೊಳ್ಳಲೆಂದು’.

ಸಮಾಸದಲ್ಲಿ ಅಡಗಿದ ರೂಪಕ: ಕ್ರಿಯಾಪದ ಯಾರದು?

‘ಮುಖಕಮಲ’ ಎಂಬ ಪದ ಒಂಟಿಯಾಗಿದ್ದರೆ ಅದು ಉಪಮೆಯೋ ರೂಪಕವೋ ಹೇಳಲಾಗದು. ಕಮಲದಂಥ ಮುಖ ಎಂದೂ ಬಿಡಿಸಬಹುದು, ಮುಖವೆಂಬ ಕಮಲ ಎಂದೂ ಬಿಡಿಸಬಹುದು. ತೀರ್ಪು ಕೊಡುವುದು ಕ್ರಿಯಾಪದ. ‘ಮುಖಕಮಲ ನಕ್ಕಿತು’ ಎಂದರೆ ನಗುವುದು ಮುಖದ ಕೆಲಸ, ಮುಖವೇ ಪ್ರಧಾನ, ಹಾಗಾಗಿ ಉಪಮೆ. ‘ಮುಖಕಮಲ ಅರಳಿತು’ ಎಂದರೆ ಅರಳುವುದು ಕಮಲದ ಕೆಲಸ, ಹಾಗಾಗಿ ರೂಪಕ. ‘ಸಂಸಾರಸಾಗರವನ್ನು ದಾಟಿದ’ ಎಂಬಲ್ಲಿ ದಾಟುವುದು ಸಾಗರವನ್ನು, ಆದ್ದರಿಂದ ರೂಪಕ. ‘ಕಮಲಮುಖಿ’ ಎಂದಾಗ ಕಮಲದಂಥ ಮುಖವುಳ್ಳವಳು ಎಂದಷ್ಟೇ ಅರ್ಥ, ಅದು ಲುಪ್ತೋಪಮೆ. ಪರೀಕ್ಷೆಯಲ್ಲಿ ಅಂಕ ಕಳೆದುಕೊಳ್ಳುವ ಜಾಗ ಇದು.

ಇನ್ನು ನಮ್ಮ ಪದ್ಯಕ್ಕೆ ಬರೋಣ. ಮೂರು ವಾಕ್ಯಗಳಲ್ಲಿ ಕ್ರಿಯಾಪದವಿಲ್ಲ ಎಂದು ಕಂಡೆವು. ‘ಅರಸು ರಾಕ್ಷಸ’ ಎಂಬಲ್ಲಿ ‘ಅಂತೆ’ ಇಲ್ಲ, ಎರಡು ನಾಮಪದ ಎದುರುಬದುರು ನಿಂತಿವೆ. ‘ಮಂತ್ರಿಯೆಂಬುವ ಹುಲಿ’ಯಲ್ಲಿ ‘ಎಂಬುವ’ ಅಭೇದವನ್ನು, ಅಂದರೆ ಎರಡೂ ಒಂದೇ ಎಂಬುದನ್ನು, ಬಾಯಿಬಿಟ್ಟು ಹೇಳುತ್ತಿದೆ. ಉಪಮೇಯ ಉಪಮಾನಗಳಿಗೆ ಅಭೇದ ಹೇಳಿದ್ದರಿಂದ ಇದು ರೂಪಕಾಲಂಕಾರ.

ಇಲ್ಲಿಗೆ ಹೆಸರು ಸಿಕ್ಕಿತು. ಆದರೆ ಕುಮಾರವ್ಯಾಸನನ್ನು ರೂಪಕ ಸಾಮ್ರಾಜ್ಯ ಚಕ್ರವರ್ತಿ ಎಂದು ಕರೆದದ್ದು ಯಾಕೆಂದು ತಿಳಿಯಲು ಇನ್ನೂ ಸ್ವಲ್ಪ ಹೊತ್ತು ಈ ಸಾಲುಗಳ ಮುಂದೆ ಕೂರಬೇಕು. ಮೂರು ಉಪಮಾನಗಳೂ ಮಾಂಸ ತಿನ್ನುವವು. ರಾಕ್ಷಸ ಮತ್ತು ಹುಲಿ ಕೊಂದು ತಿಂದರೆ, ಹದ್ದು ಸತ್ತದ್ದಕ್ಕೆ ಎರಗುತ್ತದೆ. ಪರಿವಾರವನ್ನು ಹದ್ದಿನ ಗುಂಪು ಎಂದ ಕ್ಷಣವೇ ಪ್ರಜೆಗಳು ಹೆಣವಾಗಿದ್ದಾರೆ ಎಂಬ ಅರ್ಥ ಹೊರಡುತ್ತದೆ. ಆ ಮಾತನ್ನು ಕವಿ ಎಲ್ಲೂ ಹೇಳಿಲ್ಲ. ‘ಮೊರೆವ’ ಎಂಬ ವಿಶೇಷಣವನ್ನೂ ನೋಡಿ. ಹುಲಿ ಮೊರೆಯುತ್ತಿರುವಾಗ ಬಡವನ ಬಿನ್ನಪದ ದನಿ ಯಾರಿಗೆ ಕೇಳಬೇಕು? ನಾಲ್ಕನೇ ವಾಕ್ಯದ ‘ಇನ್ನಾರು ಕೇಳುವರು’ ಎಂಬ ಪ್ರಶ್ನೆಗೆ ಎರಡನೇ ವಾಕ್ಯದಲ್ಲೇ ನೆಲ ಹದವಾಗಿದೆ. ಹುಲಿಯ ಬದಲು ಹಾವು ಎಂದು ಹಾಕಿ ಓದಿ, ಮಂತ್ರಿಯ ಕ್ರೌರ್ಯ ಉಳಿಯುತ್ತದೆ, ಗದ್ದಲ ಹೋಗುತ್ತದೆ. ಯಾವ ಅಲಂಕಾರಕ್ಕೂ ಈ ಪರೀಕ್ಷೆ ಮಾಡಬಹುದು: ಉಪಮಾನ ಬದಲಿಸಿ ನೋಡಿ, ಏನು ಕಳೆದುಹೋಯಿತೋ ಅದೇ ಆ ಅಲಂಕಾರ ಮಾಡಿದ ಕೆಲಸ.

ಬಸವಣ್ಣನವರ ‘ಎನ್ನ ಕಾಲೇ ಕಂಬ, ದೇಹವೇ ದೇಗುಲ, ಶಿರವೇ ಹೊನ್ನ ಕಳಶವಯ್ಯಾ’ ಎಂಬುದನ್ನು ಇದರ ಪಕ್ಕದಲ್ಲಿಡಿ. ಅಲ್ಲಿ ಅವಧಾರಣೆಯ ‘ಏ’ ಅಭೇದದ ಗುರುತು. ಇಡೀ ದೇಹ ಇಡೀ ದೇಗುಲವಾಗಿದೆ, ಅಂಗಕ್ಕೆ ಅಂಗ ಹೊಂದಿದೆ. ಇದು ಸಾವಯವ ರೂಪಕ.

ಎರಡು ವಾಕ್ಯಗಳ ಹೋಲಿಕೆ: ದೃಷ್ಟಾಂತ, ಅರ್ಥಾಂತರನ್ಯಾಸ

ಇಲ್ಲಿ ಹೋಲಿಕೆ ಪದಗಳ ನಡುವೆ ಇರುವುದಿಲ್ಲ, ವಾಕ್ಯಗಳ ನಡುವೆ ಇರುತ್ತದೆ. ‘ಮಾತು ಬಲ್ಲವನಿಗೆ ಜಗಳವಿಲ್ಲ, ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆಯಲ್ಲಿ ಎರಡು ಸ್ವತಂತ್ರ ವಾಕ್ಯಗಳಿವೆ, ವಾಚಕ ಪದ ಇಲ್ಲ, ಒಂದು ಇನ್ನೊಂದರ ಪ್ರತಿಬಿಂಬದಂತಿದೆ. ಅದು ದೃಷ್ಟಾಂತ.

ಅರ್ಥಾಂತರನ್ಯಾಸದಲ್ಲಿ ಒಂದು ವಾಕ್ಯ ವಿಶೇಷ, ಇನ್ನೊಂದು ಸಾಮಾನ್ಯ. ಅಂದರೆ ಒಂದು ಘಟನೆಯನ್ನು ಲೋಕಸತ್ಯದಿಂದ, ಇಲ್ಲವೇ ಲೋಕಸತ್ಯವನ್ನು ಒಂದು ಘಟನೆಯಿಂದ ಸಮರ್ಥಿಸುವುದು. ಗಾದೆ ಕಂಡರೆ ಅರ್ಥಾಂತರನ್ಯಾಸ ಎಂದು ಬರೆಯುವ ಅಭ್ಯಾಸ ಕೈಕೊಡುವುದು ಇಲ್ಲೇ. ಮೂರು ರೂಪ ಹೋಲಿಸಿ:

‘ಊರಿಗೆ ಬಾವಿ ತೋಡಿಸಿದ ಗೌಡನನ್ನೇ ಜನ ದೂರಿದರು. ಉಪಕಾರ ಮಾಡಿದವರಿಗೆ ಅಪವಾದ ತಪ್ಪಿದ್ದಲ್ಲ.’ ಮೊದಲನೆಯದು ಒಬ್ಬ ಗೌಡನ ಸಂಗತಿ, ಎರಡನೆಯದು ಎಲ್ಲ ಉಪಕಾರಿಗಳಿಗೂ ಸಲ್ಲುವ ಮಾತು. ಗೌಡ ಆ ಗುಂಪಿನೊಳಗಿನ ಒಬ್ಬ. ಅರ್ಥಾಂತರನ್ಯಾಸ.

‘ಊರಿಗೆ ಬಾವಿ ತೋಡಿಸಿದ ಗೌಡನನ್ನೇ ಜನ ದೂರಿದರು. ಕಲ್ಲೇಟು ಬೀಳುವುದು ಹಣ್ಣು ಬಿಟ್ಟ ಮರಕ್ಕೇ.’ ಎರಡನೆಯದು ಗಾದೆಯಂತಿದ್ದರೂ ಗೌಡ ಮರಗಳ ಗುಂಪಿನೊಳಗೆ ಸೇರುವವನಲ್ಲ. ಮರದ ಪಾಡು ಅವನ ಪಾಡಿನ ಪ್ರತಿಬಿಂಬ. ದೃಷ್ಟಾಂತ.

‘ಹಣ್ಣು ಬಿಟ್ಟ ಮರಕ್ಕೆ ಕಲ್ಲೇಟು ಬೀಳುವ ಹಾಗೆ ಬಾವಿ ತೋಡಿಸಿದ ಗೌಡನಿಗೆ ದೂರು ಬಂತು.’ ‘ಹಾಗೆ’ ಬಂದಿದೆ, ಒಂದೇ ವಾಕ್ಯವಾಗಿದೆ. ಉಪಮೆ.

ಪ್ರಶ್ನೆ ಒಂದೇ: ಮೊದಲ ವಾಕ್ಯದವನು ಎರಡನೇ ವಾಕ್ಯದೊಳಗೆ ಸೇರುತ್ತಾನೆಯೇ? ಸೇರಿದರೆ ಅರ್ಥಾಂತರನ್ಯಾಸ, ಎದುರಿಗೆ ನಿಂತರೆ ದೃಷ್ಟಾಂತ.

ಒಂದು ಪದಕ್ಕೆ ಎರಡು ಅರ್ಥ: ಲಕ್ಷಣೆ, ನುಡಿಗಟ್ಟು, ಶ್ಲೇಷೆ, ಧ್ವನಿ

‘ಇಡೀ ಊರು ಜಾತ್ರೆಗೆ ಹೋಗಿದೆ.’ ಊರು ನಡೆಯಲಾರದು, ವಾಚ್ಯಾರ್ಥಕ್ಕೆ, ಅಂದರೆ ಪದದ ನೇರ ಅರ್ಥಕ್ಕೆ, ಅಡ್ಡಿ ಬಂತು. ಊರಿಗೂ ಊರಿನ ಜನಕ್ಕೂ ಸಂಬಂಧವಿದೆ. ಹಾಗೆ ಹೇಳುವ ರೂಢಿಯೋ, ಒಬ್ಬರೂ ಉಳಿದಿಲ್ಲ ಎಂದು ತೋರಿಸುವ ಉದ್ದೇಶವೋ ಇದೆ. ಈ ಮೂರೂ ಇದ್ದರೆ ಲಕ್ಷಣೆ. ‘ಕೈಕೊಡು’, ‘ಎತ್ತಿದ ಕೈ’, ‘ಕಣ್ಣು ಕೆಂಪಾಗು’ ಮುಂತಾದ ನುಡಿಗಟ್ಟುಗಳು ರೂಢಿಯಿಂದ ಗಟ್ಟಿಯಾದ ಲಕ್ಷಣೆಗಳು. ಸಂದರ್ಭ ನೋಡದೆ ತೀರ್ಮಾನಿಸಬೇಡಿ: ಹಳ್ಳಕ್ಕೆ ಬಿದ್ದವನನ್ನು ಎತ್ತಲು ಕೈ ಕೊಟ್ಟರೆ ಅದು ಬರೀ ಕೈಯೇ.

ಶ್ಲೇಷೆಯಲ್ಲಿ ಎರಡು ಅರ್ಥವೂ ಒಟ್ಟಿಗೆ ನಿಲ್ಲಬೇಕು. ‘ರಾಜನು ತನ್ನ ಮೃದುವಾದ ಕರಗಳಿಂದ ಕುವಲಯವನ್ನು ಅರಳಿಸಿದನು’: ರಾಜ ಎಂದರೆ ಅರಸ, ಚಂದ್ರ. ಕರ ಎಂದರೆ ತೆರಿಗೆ, ಕಿರಣ. ಕುವಲಯ ಎಂದರೆ ಭೂಮಂಡಲ, ನೈದಿಲೆ. ಹಗುರವಾದ ತೆರಿಗೆಯಿಂದ ನಾಡು ನಲಿಯಿತು, ತಂಪು ಕಿರಣದಿಂದ ನೈದಿಲೆ ಅರಳಿತು. ಒಂದು ಪದವಾದರೂ ಎರಡರಲ್ಲೊಂದು ಅರ್ಥಕ್ಕೆ ಹೊಂದದಿದ್ದರೆ ಶ್ಲೇಷೆ ಮುರಿಯುತ್ತದೆ. ಆದ್ದರಿಂದ ಎರಡು ಅನ್ವಯಗಳನ್ನೂ ಪೂರ್ತಿ ಬರೆದೇ ನೋಡಬೇಕು.

ಧ್ವನಿ ಇದರಿಂದ ಬೇರೆ. ‘ಹೊತ್ತು ಮುಳುಗಿತು’ ಎಂಬ ಮಾತು ಕಾವ್ಯಶಾಸ್ತ್ರದ ಹಳೆಯ ಉದಾಹರಣೆ. ಪದಗಳ ಅರ್ಥ ಒಂದೇ, ದನ ಕಾಯುವವನಿಗೆ ಅದು ಮನೆಗೆ ಹೊಡೆಯುವ ಸೂಚನೆ, ಸಂಧ್ಯಾವಂದನೆಯವನಿಗೆ ಅರ್ಘ್ಯದ ಹೊತ್ತು. ಅರ್ಥ ಪದದಲ್ಲಿಲ್ಲ, ಹೇಳಿದವರು, ಕೇಳಿದವರು ಮತ್ತು ಸಂದರ್ಭದಲ್ಲಿದೆ. ಹೇಳದೆಯೇ ಹೀಗೆ ಅರ್ಥ ಹೊಳೆಯಿಸುವುದು ವ್ಯಂಜನೆ. ಹದ್ದಿನ ನೆರವಿಯಿಂದ ಹೆಣದ ಅರ್ಥ ಹೊರಟದ್ದು ಈ ವ್ಯಂಜನೆಯಿಂದಲೇ. ಆನಂದವರ್ಧನ 9ನೇ ಶತಮಾನದಲ್ಲಿ ಧ್ವನ್ಯಾಲೋಕದಲ್ಲಿ ಧ್ವನಿಯನ್ನು ಕಾವ್ಯದ ಆತ್ಮ ಎಂದು ಸಾಧಿಸಿದ.

ಹೊಸಗನ್ನಡ ಕವಿತೆ ಓದುವಾಗ ಪ್ರತಿಮೆ, ಪ್ರತೀಕ ಎಂಬ ಮಾತುಗಳು ಬರುತ್ತವೆ. ಇಂದ್ರಿಯಕ್ಕೆ ಎಟುಕುವಂತೆ ಕಟ್ಟಿದ ಚಿತ್ರ ಪ್ರತಿಮೆ. ಅದೇ ಚಿತ್ರ ಕವಿತೆಯುದ್ದಕ್ಕೂ ಮರಳಿ ಬಂದು ತನಗಿಂತ ದೊಡ್ಡದನ್ನು ಸೂಚಿಸತೊಡಗಿದರೆ ಪ್ರತೀಕ. ಒಮ್ಮೆ ಬಂದ ಬಾಗಿಲನ್ನು ಪ್ರತೀಕ ಎನ್ನಲು ಅವಸರ ಬೇಡ.

ಶಬ್ದಾಲಂಕಾರ: ಕಣ್ಣಿನಿಂದಲ್ಲ, ಕಿವಿಯಿಂದ

ಜೋರಾಗಿ ಓದಿ. ‘ಕೊಳದ ಬಳಿಯ ಎಳೆಬಳ್ಳಿ ಸುಳಿಗಾಳಿಗೆ ಬಳುಕಿತು’ ಎಂಬಲ್ಲಿ ಳಕಾರ ಮತ್ತೆ ಮತ್ತೆ ಬಂದಿದೆ, ವೃತ್ತ್ಯನುಪ್ರಾಸ. ಎರಡು ವ್ಯಂಜನಗಳ ಜೋಡಿ ಪದಗಳಲ್ಲಿ ಮರಳಿ ಬಂದರೆ ಛೇಕಾನುಪ್ರಾಸ. ಮೂರು ಅಥವಾ ಹೆಚ್ಚು ಅಕ್ಷರಗಳ ಪದ ಮರಳಿ ಬಂದು ಅರ್ಥ ಬೇರೆಯಾದರೆ ಯಮಕ: ‘ಮರ ಕಡಿಯಬೇಕು, ಯಾರಾದರೂ ಕೊಡಲಿ ಕೊಡಲಿ.’ ಮೊದಲನೆಯದು ಆಯುಧ, ಎರಡನೆಯದು ಕೊಡುವ ಕ್ರಿಯೆ.

ಕನ್ನಡ ಪದ್ಯಕ್ಕೆ ಹೆಚ್ಚು ವಿಶಿಷ್ಟವಾದದ್ದು ಆದಿಪ್ರಾಸ. ಪ್ರತಿ ಸಾಲಿನ ಎರಡನೇ ಅಕ್ಷರದ ವ್ಯಂಜನ ಒಂದೇ ಇರಬೇಕು. ಅರಸು, ಮೊರೆವ, ನೆರವಿ: ಮೂರರಲ್ಲೂ ಎರಡನೆಯದು ರಕಾರ. ಸ್ವರ ಬೇರೆಯಾದರೆ ತೊಂದರೆಯಿಲ್ಲ. ಮೊದಲಕ್ಷರ ಮೂರು ಕಡೆಯೂ ಹ್ರಸ್ವವಾಗಿರುವುದರಿಂದ ಇದು ಸಿಂಹಪ್ರಾಸ, ದೀರ್ಘವಾಗಿದ್ದರೆ ಗಜಪ್ರಾಸ ಆಗುತ್ತಿತ್ತು. ಅನುಸ್ವಾರಕ್ಕೆ ವೃಷಭ, ವಿಸರ್ಗಕ್ಕೆ ಅಜ, ಒತ್ತಕ್ಷರಗಳಿಗೆ ಶರಭ ಮತ್ತು ಹಯ.

ಪ್ರಸ್ತಾರ ಹಾಕುವುದು

ಪದ್ಯದ ಅಕ್ಷರಗಳಿಗೆ ಲಘು ಗುರು ಗುರುತು ಹಾಕಿ ಗಣಗಳಾಗಿ, ಅಂದರೆ ಮಾತ್ರೆಗಳ ಗುಂಪುಗಳಾಗಿ, ವಿಂಗಡಿಸುವುದೇ ಪ್ರಸ್ತಾರ. ಅಕ್ಷರ ಉಚ್ಚರಿಸಲು ಹಿಡಿಯುವ ಹೊತ್ತಿನ ಅಳತೆ ಮಾತ್ರೆ. ಲಘುವಿಗೆ ∪, ಗುರುವಿಗೆ – ಗುರುತು. ಲಘು 1 ಮಾತ್ರೆ, ಗುರು 2. ದೀರ್ಘಾಕ್ಷರ, ಅನುಸ್ವಾರ ಅಥವಾ ವಿಸರ್ಗವಿರುವ ಅಕ್ಷರ, ವ್ಯಂಜನದಿಂದ ಮುಗಿಯುವ ಅಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ, ಐ ಮತ್ತು ಔ ಇವೆಲ್ಲ ಗುರು. ಷಟ್ಪದಿಯ 3 ಮತ್ತು 6ನೇ ಸಾಲಿನ ಕೊನೆಯ ಅಕ್ಷರ ಲಘುವಾಗಿ ಕಂಡರೂ ಗುರುವೇ. ಮೊದಲು ಎಲ್ಲ ಅಕ್ಷರಗಳ ಮೇಲೂ ಗುರುತು ಹಾಕಿ, ಆಮೇಲೆ ಗಣ ವಿಂಗಡಿಸಿ. ಗಣ ಕತ್ತರಿಸುತ್ತ ಗುರುತು ಹಾಕಿದರೆ ಗಣದ ಅಂಚಿನಲ್ಲಿ ತಪ್ಪುತ್ತದೆ.

ಅರಸು | ರಾಕ್ಷಸ | ಮಂತ್ರಿ | ಯೆಂಬುವ
∪∪∪ | –∪∪ | –∪ | –∪∪

ಮೊರೆವ | ಹುಲಿಪರಿ | ವಾರ | ಹದ್ದಿನ
∪∪∪ | ∪∪∪∪ | –∪ | –∪∪

ನೆರವಿ | ಬಡವರ | ಬಿನ್ನ | ಪವನಿ | ನ್ನಾರು | ಕೇಳುವ | ರು
∪∪∪ | ∪∪∪∪ | –∪ | ∪∪– | –∪ | –∪∪ | –

ಮೊದಲೆರಡು ಸಾಲುಗಳಲ್ಲಿ 3+4+3+4, ಒಟ್ಟು 14 ಮಾತ್ರೆ. ಮೂರನೆಯದರಲ್ಲಿ 3+4 ಮೂರು ಸಲ, ಮೇಲೊಂದು ಗುರು, ಒಟ್ಟು 23. ಭಾಮಿನಿ ಷಟ್ಪದಿ. ಪೂರ್ತಿ ಪದ್ಯಕ್ಕೆ 102 ಮಾತ್ರೆ ಬರಬೇಕು.

ಲೆಕ್ಕ ತಪ್ಪುವ ಜಾಗ ‘ಪವನಿ’. ಮೂರೂ ಹ್ರಸ್ವ ಎಂದು 3 ಮಾತ್ರೆ ಹಾಕಿದರೆ ಮುಂದಿನ ಎಲ್ಲ ಗಣಗಳೂ ಸರಿದುಬಿಡುತ್ತವೆ. ಮುಂದಿನ ಗಣ ‘ನ್ನಾ’ ಎಂಬ ಒತ್ತಕ್ಷರದಿಂದ ಶುರುವಾಗುವುದರಿಂದ ‘ನಿ’ ಗುರು. ಇನ್ನೊಂದು ಜಾಗ ಕೊನೆಯ ‘ರು’. ಒಂದು ಮಾತ್ರೆ ಕಡಿಮೆ ಬಂದರೆ ಮೊದಲು ಒತ್ತಕ್ಷರಗಳ ಹಿಂದೆ ನೋಡಿ, ನಂತರ ಸಾಲಿನ ಕೊನೆ ನೋಡಿ. ಒಂದು ಹೆಚ್ಚು ಬಂದರೆ ಒತ್ತಕ್ಷರಕ್ಕೇ ಗುರು ಹಾಕಿದ್ದೀರಾ ಎಂದು ನೋಡಿ: ‘ಮಂತ್ರಿ’ಯಲ್ಲಿ ಗುರು ‘ಮಂ’, ‘ತ್ರಿ’ ಲಘು. ಹಳಗನ್ನಡದಲ್ಲಿ ಕೆಲವು ಒತ್ತಕ್ಷರಗಳನ್ನು ತೇಲಿಸಿ ಉಚ್ಚರಿಸುವುದರಿಂದ ಹಿಂದಿನ ಅಕ್ಷರ ಲಘುವಾಗಿಯೇ ಉಳಿಯುವುದುಂಟು. ಇದಕ್ಕೆ ಶಿಥಿಲದ್ವಿತ್ವ ಎಂದು ಹೆಸರು. ಷಟ್ಪದಿಯ ಮೊದಲ ಸಾಲಿನ ಗಣಗಳನ್ನು ನೋಡಿದರೆ ಜಾತಿ ತಿಳಿಯುತ್ತದೆ: ಶರ 4+4, ಕುಸುಮ 5+5, ಭೋಗ ಮೂರರ ನಾಲ್ಕು ಗಣ, ಪರಿವರ್ಧಿನಿ ನಾಲ್ಕರ ನಾಲ್ಕು, ವಾರ್ಧಕ ಐದರ ನಾಲ್ಕು. ಉಪಮಾಲೋಲನೆಂದು ಹೆಸರಾದ ಲಕ್ಷ್ಮೀಶನ ಜೈಮಿನಿ ಭಾರತ ವಾರ್ಧಕದಲ್ಲಿದೆ.

ಸಮನ್ವಯ ಬರೆಯುವ ಕ್ರಮ

ಉತ್ತರದಲ್ಲಿ ಅಲಂಕಾರದ ಹೆಸರು, ಲಕ್ಷಣ, ಉಪಮೇಯ, ಉಪಮಾನ, ವಾಚಕ ಪದ, ಸಮಾನಧರ್ಮ, ಕೊನೆಗೆ ಸಮನ್ವಯ (ಲಕ್ಷಣ ಈ ಪದ್ಯಕ್ಕೆ ಹೇಗೆ ಹೊಂದುತ್ತದೆ ಎಂಬ ವಿವರಣೆ) ಹೀಗೆ ಬರಬೇಕು. ಇಲ್ಲದ ಅಂಶವನ್ನು ಬಿಟ್ಟು ಹೋಗದೆ ‘ಇಲ್ಲ’ ಎಂದೇ ಬರೆಯಿರಿ. ಸಮನ್ವಯದಲ್ಲಿ ಲಕ್ಷಣವನ್ನೇ ಮತ್ತೊಮ್ಮೆ ಬರೆದರೆ ಅದು ಸಮನ್ವಯವಾಗುವುದಿಲ್ಲ, ಪದ್ಯದ ಪದಗಳು ಅಲ್ಲಿ ಬರಲೇಬೇಕು. ನಮ್ಮ ಪದ್ಯಕ್ಕೆ ಹೀಗೆ: ‘ಇಲ್ಲಿ ಉಪಮೇಯಗಳಾದ ಅರಸು, ಮಂತ್ರಿ, ಪರಿವಾರಗಳಿಗೆ ಕ್ರಮವಾಗಿ ಉಪಮಾನಗಳಾದ ರಾಕ್ಷಸ, ಮೊರೆವ ಹುಲಿ, ಹದ್ದಿನ ನೆರವಿಗಳೊಡನೆ ಅಭೇದವನ್ನು ಹೇಳಲಾಗಿದೆ. ಉಪಮಾವಾಚಕ ಇಲ್ಲ. ಪ್ರಜೆಗಳನ್ನು ಪೀಡಿಸಿ ತಿನ್ನುವುದು ಸಮಾನಧರ್ಮ, ಅದನ್ನು ಪದದಲ್ಲಿ ಹೇಳಿಲ್ಲ. ಆದ್ದರಿಂದ ಇದು ರೂಪಕಾಲಂಕಾರ.’